ಗುನ್ನಾರರ ಕಿವಿಯೂ ನನ್ನ ಥರ್ಮಾಮೀಟರೂ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಅಳೆಯುವ ಚಟ. ಇದನ್ನು ಚಟವೆಂದು ಒಪ್ಪಿಕೊಳ್ಳಲು ನನಗೆ ನಲವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ವೈಜ್ಞಾನಿಕ ಮನೋಭಾವ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಹೆಂಡತಿ ಸುಧಾ ಅನ್ನಕ್ಕಿಡುವಾಗ ಅಕ್ಕಿಯ ಮೇಲೆ ಬೆರಳೂರಿ ಗೆಣ್ಣಿನ ಲೆಕ್ಕದಲ್ಲಿ ನೀರು ಹಾಕುತ್ತಾಳೆ. ಪಕ್ಕದಲ್ಲಿ ನಿಂತು ನಾನು, "ಅದು ಎಷ್ಟು ಎಂ.ಎಲ್. ಆಯ್ತು?" ಎಂದು ಕೇಳುತ್ತೇನೆ. ಅವಳು ಅದೇ ಬೆರಳಿನಿಂದ ಹಾಲ್ ಕಡೆ ತೋರಿಸುತ್ತಾಳೆ. ರಾಜಾಜಿನಗರದ ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ಇದ್ದದ್ದು ಒಂದೇ ಥರ್ಮಾಮೀಟರು, ಜ್ವರ ನೋಡುವುದು. ಅಮ್ಮ ಮೊದಲು ಕೈಯ ಹಿಂಬದಿಯಿಂದ ನಮ್ಮ ಕತ್ತು ಮುಟ್ಟಿ "ನೂರೊಂದು ಇದೆ" ಎಂದು ಹೇಳಿಯೇ ಥರ್ಮಾಮೀಟರ್ ಇಡುತ್ತಿದ್ದಳು. ಅದು ನೂರೊಂದು ತೋರಿಸಿದರೆ "ಸದ್ಯ, ಸರಿಯಾಗಿದೆ" ಎನ್ನುತ್ತಿದ್ದಳು. ಸರಿಯಾಗಿದೆ ಎಂದದ್ದು ಥರ್ಮಾಮೀಟರಿನ ಬಗ್ಗೆ ಎಂದು ನನಗೆ ಹೊಳೆದದ್ದು ತೀರ ಈಚೆಗೆ. ಆಗಲೇ ಹೊಳೆದಿದ್ದರೆ ಸ್ವೀಡನ್ನಿನಲ್ಲಿ ಒಬ್ಬ ಹಿರಿಯರಿಗೆ ನನ್ನಿಂದ ಆದ ಅನ್ಯಾಯ ತಪ್ಪುತ್ತಿತ್ತೋ ಏನೋ.

ಆಗ ನಾವು ಯೋನ್‌ಶೋಪಿಂಗ್‌ನಲ್ಲಿದ್ದೆವು. ದೊಡ್ಡ ಸರೋವರವೊಂದರ ದಕ್ಷಿಣ ತುದಿಯ ಊರು. ಮೊಬೈಲಿನಲ್ಲಿ ಹವಾಮಾನ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ, ಪಟ್ಟಿ ಮಾಡಿ, ಅವರಿಗೇ ಕಳಿಸಿಕೊಡುವುದು. ಇಂಥ ಕೆಲಸವನ್ನು ಹತ್ತು ವರ್ಷ ಮಾಡಿದವನು ಮನೆಗೆ ಬಂದ ಮೇಲೂ ಸುಮ್ಮನಿರುವುದು ಕಷ್ಟ. ನಾವಿದ್ದದ್ದು ಹದಿನೆಂಟು ಮನೆಗಳ ಹಳದಿ ಇಟ್ಟಿಗೆಯ ಕಟ್ಟಡ. ಸುತ್ತಲಿನ ಕಟ್ಟಡಗಳೆಲ್ಲ ನಗರದ ಬಿಸಿನೀರಿನ ಪೈಪಿಗೆ ಸೇರಿಕೊಂಡಿದ್ದರೂ ನಮ್ಮದು ಮಾತ್ರ ನೆಲಮಾಳಿಗೆಯ ಹಳೆಯ ಎಣ್ಣೆ ಬಾಯ್ಲರನ್ನೇ ನಂಬಿಕೊಂಡಿತ್ತು. ಬಾಯ್ಲರು ನೀರು ಕಾಯಿಸುತ್ತಿತ್ತು, ಆ ನೀರು ಮನೆಮನೆಯ ರೇಡಿಯೇಟರುಗಳಲ್ಲಿ ಹರಿದು ನಮ್ಮನ್ನು ಬೆಚ್ಚಗಿಡುತ್ತಿತ್ತು. ಆ ಬಾಯ್ಲರನ್ನು ನೋಡಿಕೊಳ್ಳುತ್ತಿದ್ದವರು ಕೆಳಗಿನ ಮನೆಯ ಗುನ್ನಾರ್.

ಗುನ್ನಾರ್ ಮೂಲತಃ ಉತ್ತರದ ಲುಲೆಯೊ ಕಡೆಯವರು. ಕಾಗದದ ಕಾರ್ಖಾನೆಯೊಂದರ ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಬಾಯ್ಲರನ್ನು ತಾವಾಗಿಯೇ ವಹಿಸಿಕೊಂಡಿದ್ದರು. ನೆಲಮಾಳಿಗೆಯಲ್ಲಿ ಅವರದೊಂದು ಕುರ್ಚಿ, ಒಂದು ರೇಡಿಯೋ, ಒಂದು ಕಾಫಿ ಫ್ಲಾಸ್ಕು. ಆ ದೇಶದಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳದೆ, ಮೊದಲ ಆರು ತಿಂಗಳು ಎದುರಿಗೆ ನಿಂತು ಕೆಮ್ಮಿ ಮಾತು ಶುರು ಮಾಡುತ್ತಿದ್ದೆ. ನನಗೆ ಗಂಟಲಿನ ಕಾಯಿಲೆ ಇದೆಯೆಂದು ಅವರು ಒಮ್ಮೆ ಜೇನುತುಪ್ಪ ತಂದುಕೊಟ್ಟಿದ್ದರು. ನಮ್ಮ ಮೊದಲ ಚಳಿಗಾಲದಲ್ಲಿ ಮಲಗುವ ಕೋಣೆಯ ರೇಡಿಯೇಟರು ಗೊಳಗೊಳ ಎನ್ನುತ್ತ ತಣ್ಣಗೆ ಕೂತಿದ್ದಾಗ ಸಣ್ಣದೊಂದು ಕೀಲಿ ತಂದು, ಒಳಗಿನ ಗಾಳಿ ಬಿಡಿಸಿ, ಆಮೇಲೆ ಒಂದು ವಾರ ದಿನವೂ ಬಂದು ಅಂಗೈ ಇಟ್ಟು ನೋಡಿಕೊಂಡು ಹೋದವರು ಅವರೇ. ನಮ್ಮ ಮಗಳು ಮೇಘಾಳಿಗೆ ತಮ್ಮ ಮಗಳ ಹಳೆಯ ಮರದ ಜಾರುಬಂಡಿಯನ್ನೂ ಕೊಟ್ಟರು.

ಬಾಯ್ಲರಿನಿಂದ ಹೊರಡುವ ನೀರು ಎಷ್ಟು ಬಿಸಿಯಿರಬೇಕು ಎಂಬುದನ್ನು ಒಂದು ಹಿಡಿ ತಿರುಗಿಸಿ ನಿರ್ಧರಿಸಬೇಕಿತ್ತು. ಹೊರಗೆ ಚಳಿ ಹೆಚ್ಚಾದರೆ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ. ಚಳಿ ಎಷ್ಟಿದೆ ಎಂದು ಗುನ್ನಾರ್ ತಿಳಿದುಕೊಳ್ಳುತ್ತಿದ್ದ ರೀತಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ಟೋಪಿಯಿಲ್ಲದೆ ಮೆಟ್ಟಿಲ ಮೇಲೆ ಬಂದು ನಿಲ್ಲುವರು. ಸರೋವರದ ಕಡೆಗೆ ಒಂದು ಕಿವಿ, ರಸ್ತೆಯ ಕಡೆಗೆ ಒಂದು ಕಿವಿ. ಒಂದೆರಡು ನಿಮಿಷ ಹಾಗೇ ನಿಂತು, ಒಳಗೆ ಹೋಗಿ ಹಿಡಿ ತಿರುಗಿಸುವರು. ಅಷ್ಟೇ. ಹದಿನೆಂಟು ಮನೆಗಳ ಸುಖದುಃಖ ಎರಡು ಕಿವಿಗಳ ಮೇಲೆ ನಿಂತಿತ್ತು.

ಒಂದು ಅಕ್ಟೋಬರಿನಲ್ಲಿ ನಮ್ಮ ನಿವಾಸಿಗಳ ಸಂಘದ ಸಭೆ ನಡೆಯಿತು. ಕಾಫಿ, ದಾಲ್ಚಿನ್ನಿ ಬನ್ನು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕದ ಶಿಸ್ತು. ಹಿಂದಿನ ಚಳಿಗಾಲದಲ್ಲಿ ಎಣ್ಣೆ ಹೆಚ್ಚು ಉರಿದಿದೆ ಎಂದು ಅಧ್ಯಕ್ಷೆ ಶಾಷ್ಟಿನ್ ಹೇಳಿದರು. ಚಳಿ ಹೆಚ್ಚಿತ್ತೋ, ಬಾಯ್ಲರು ಹಾಳಾಗುತ್ತಿದೆಯೋ ಎಂಬುದು ಪ್ರಶ್ನೆ. "ಚಳಿ ಇತ್ತು" ಎಂದರು ಗುನ್ನಾರ್. ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು. ನಾನು ಕೈಯೆತ್ತಿದೆ. ನನ್ನ ಹರಕು ಸ್ವೀಡಿಷಿನಲ್ಲಿ, ದಿನಕ್ಕೆ ಮೂರು ಸಲ ಹೊರಗಿನ ಉಷ್ಣಾಂಶ ಬರೆದಿಡಬೇಕು, ಅದು ಮನೆ ಕಾಯಿಸಬೇಕಿಲ್ಲದ ಹದಿನೇಳು ಡಿಗ್ರಿಗಿಂತ ಎಷ್ಟು ಕೆಳಗಿದೆ ಎಂದು ದಿನದಿನವೂ ಕೂಡಬೇಕು, ಉರಿದ ಎಣ್ಣೆಯನ್ನು ಆ ಮೊತ್ತದಿಂದ ಭಾಗಿಸಿದರೆ ಬಾಯ್ಲರಿನ ಬಂಡವಾಳ ಬಯಲಾಗುತ್ತದೆ ಎಂದು ವಿವರಿಸಿದೆ. ಹಳೆಯ ವರ್ಷಗಳಿಗೆ ಹವಾಮಾನ ಕಚೇರಿಯ ಅಂಕಿಗಳು ಸಿಗುತ್ತವೆ, ಈ ವರ್ಷದ್ದನ್ನು ನಾವೇ ನಮ್ಮ ಗೋಡೆಯ ಮೇಲೆ ಅಳೆದರೆ ಇನ್ನೂ ನಿಖರ ಎಂದೂ ಸೇರಿಸಿದೆ. ಸಭೆ ನಿಶ್ಶಬ್ದವಾಯಿತು. ಗೌರವದ ನಿಶ್ಶಬ್ದ ಎಂದುಕೊಂಡೆ. ನನ್ನ ಸ್ವೀಡಿಷನ್ನು ಅವರೆಲ್ಲ ಮನಸ್ಸಿನಲ್ಲೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಈಗ ಅನಿಸುತ್ತದೆ. ಅಂತೂ ಆ ಕೆಲಸಕ್ಕೆ ನನ್ನನ್ನೇ ನೇಮಿಸಿದರು.

ಮನೆಗೆ ಬಂದು ಹೇಳಿದಾಗ ಸುಧಾ, "ಅಲ್ಲಾ ರೀ, ಅಂಗಡೀಲಿ ಮೊಸರು ಕೇಳಿದ್ರೆ ಕ್ರೀಮ್ ತರ್ತೀರ. ಅಲ್ಲಿ ಹೋಗಿ ಅಷ್ಟು ಜನರ ಮುಂದೆ ಲೆಕ್ಚರ್ ಕೊಟ್ಟು ಬಂದ್ರಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಗುನ್ನಾರ್ ಅಂಕಲ್‌ಗೆ ಬೇಜಾರಾಗಲ್ವಾ?" ಎಂದು ಕೇಳಿದಳು. ವಿಜ್ಞಾನದಲ್ಲಿ ಬೇಜಾರಿನ ಪ್ರಶ್ನೆ ಬರುವುದಿಲ್ಲ ಎಂದೆ. ಇಂಥ ಮಾತುಗಳನ್ನು ಆಡಿದ ದಿನ ನಾನು ಊಟ ಜಾಸ್ತಿ ಮಾಡುತ್ತೇನೆ.

ಮರುದಿನವೇ ತಂತಿಯಿಲ್ಲದ ಥರ್ಮಾಮೀಟರೊಂದನ್ನು ತಂದೆ. ಬಿಳಿಯ ಸಣ್ಣ ಡಬ್ಬಿಯನ್ನು ಹೊರಗೆ ತೂಗುಹಾಕಿದರೆ ಒಳಗಿನ ಪರದೆಯ ಮೇಲೆ ಅಂಕಿ ಮೂಡುತ್ತದೆ. ಬಿಸಿಲು ಬೀಳದ ಉತ್ತರದ ಗೋಡೆಯಲ್ಲಿ ಇಡಬೇಕೆಂದು ಅದರ ಕೈಪಿಡಿ ಹೇಳಿತ್ತು. ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ಉತ್ತರದ ಗೋಡೆಗೆ, ನೆಲದಿಂದ ಸರಿಯಾಗಿ ಎರಡು ಮೀಟರು ಅಳೆದು, ಮಟ್ಟ ನೋಡಿ ಮೊಳೆ ಹೊಡೆದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಡಬ್ಬಿ ಕಾಣುತ್ತಿತ್ತು. ಕೈಪಿಡಿಯಲ್ಲಿ ಇನ್ನೂ ಎರಡು ಪುಟ ಇದ್ದವು, ಫಿನ್ನಿಶ್ ಭಾಷೆಯದಿರಬೇಕೆಂದು ಓದಲಿಲ್ಲ.

ಅಕ್ಟೋಬರಿನಿಂದ ಜನವರಿಯವರೆಗೆ ಒಂದು ದಿನವೂ ತಪ್ಪದೆ ಬರೆದೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ. ಮಧ್ಯಾಹ್ನದ್ದು ಸುಧಾಳ ಪಾಲಿಗೆ. ಅವಳು "ಮೈನಸ್ ಟೂ. ಆಯ್ತಾ? ಇಡ್ಲಾ?" ಎಂದು ಆಫೀಸಿಗೆ ಫೋನ್ ಮಾಡಿ ಹೇಳಬೇಕು. ಜನವರಿಯ ಒಂದು ಬೆಳಿಗ್ಗೆ ಐದು ವರ್ಷದ ಮೇಘಾಳನ್ನು ಶಿಶುವಿಹಾರಕ್ಕೆ ಹೊರಡಿಸುವಾಗ, "ಮೈನಸ್ ಒಂದೇ ಕಣೇ, ಆ ದಪ್ಪ ಸ್ಕಾರ್ಫ್ ಬೇಡ" ಎಂದೆ. ಅವಳು ಬಾಗಿಲಾಚೆ ಒಂದು ಹೆಜ್ಜೆ ಇಟ್ಟು, ಮೂಗು ಹಿಡಿದುಕೊಂಡು, ಒಳಗೆ ಬಂದು ಸ್ಕಾರ್ಫ್ ಸುತ್ತಿಕೊಂಡಳು. "ಪಪ್ಪಾ, ಯೆಟ್ಟೆಕಾಲ್ಟ್!" ಎಂದಳು. ವಿಪರೀತ ಚಳಿ ಎಂದು ಅರ್ಥ. ಮಕ್ಕಳಿಗೆ ಎಲ್ಲವೂ ವಿಪರೀತವೇ ಎಂದುಕೊಂಡು ನಾನು ಬರೆದಿಟ್ಟದ್ದು ಮೈನಸ್ ಒಂದು.

ಜನವರಿಯ ಕೊನೆಗೆ ಲೆಕ್ಕ ಮುಗಿಯಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ನಮ್ಮ ಬಾಯ್ಲರು ಅಷ್ಟೇ ಚಳಿಗೆ ಐದರಲ್ಲೊಂದು ಪಾಲು ಹೆಚ್ಚು ಎಣ್ಣೆ ಕುಡಿದಿತ್ತು. ನಾನು ಗುನ್ನಾರರ ಬಳಿ ಹೋಗಿ ಮೊದಲು ತಿಳಿಸಬಹುದಿತ್ತು. ನೆಲಮಾಳಿಗೆಯಲ್ಲಿ ಆ ಕುರ್ಚಿಯ ಪಕ್ಕ ನಿಂತು, "ಇದು ಹೀಗೆ ಬರುತ್ತಿದೆಯಲ್ಲ, ಯಾಕಿರಬಹುದು?" ಎಂದು ಒಂದು ಮಾತು ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಬಣ್ಣದ ಗ್ರಾಫು ತಯಾರಾಗಿತ್ತು. ಗ್ರಾಫ್ ತಯಾರಾದ ಮೇಲೆ ಅದನ್ನು ಒಬ್ಬರಿಗೇ ತೋರಿಸಿ ಮಡಿಸಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಸಭೆಯಲ್ಲಿ ಗ್ರಾಫು ಗೋಡೆಯ ಮೇಲೆ ಬಿತ್ತು. ಗುನ್ನಾರ್ ಹಿಂದಿನ ಸಾಲಿನಲ್ಲಿ ಕೂತಿದ್ದರು. ಶಾಷ್ಟಿನ್ ಅವರ ಕಡೆ ತಿರುಗಿ, "ನೀನು ಏನು ಹೇಳ್ತೀಯ, ಗುನ್ನಾರ್?" ಎಂದರು.

"ಈ ವರ್ಷ ಚಳಿ ಜಾಸ್ತಿ ಇತ್ತು. ಕಿವಿಗೆ ಗೊತ್ತಾಗುತ್ತೆ" ಎಂದರು ಅವರು.

ನಾನು ನಿಂತಲ್ಲಿಂದಲೇ, "ನಿಮ್ಮ ಕಿವಿಯಲ್ಲಿ ಡಿಗ್ರಿ ಗುರುತು ಹಾಕಿದ್ದಾರೆಯೇ?" ಎಂದೆ.

ಜನ ನಕ್ಕರು. ಆ ಊರಿನಲ್ಲಿ ಎರಡು ವರ್ಷದಿಂದ ಎಷ್ಟೋ ತಮಾಷೆ ಮಾಡಿದ್ದೆ, ಯಾರೂ ನಕ್ಕಿರಲಿಲ್ಲ. ಅವತ್ತು ಮಾತ್ರ ಎಲ್ಲರೂ ನಕ್ಕರು. ಆ ನಗು ನನಗೆ ಎಷ್ಟು ಹಿತವಾಯಿತೆಂದರೆ ನಾನು ಗುನ್ನಾರರ ಮುಖ ನೋಡಲೇ ಇಲ್ಲ. ಬಾಯ್ಲರನ್ನು ಒಂದು ಖಾಸಗಿ ಸರ್ವಿಸ್ ಕಂಪನಿಗೆ ವಹಿಸಿ, ಹಿಡಿ ತಿರುಗಿಸುವ ಕೆಲಸಕ್ಕೆ ಸ್ವಯಂಚಾಲಿತ ಯಂತ್ರ ಕೂರಿಸುವುದೆಂದು ತೀರ್ಮಾನವಾಯಿತು. ಗುನ್ನಾರ್ ಎದ್ದು ಬಂದು ಬಾಯ್ಲರ್ ಕೋಣೆಯ ಕೀಲಿಯನ್ನು ಶಾಷ್ಟಿನ್ ಎದುರಿನ ಮೇಜಿನ ಮೇಲೆ, ಬನ್ನಿನ ತಟ್ಟೆಯ ಪಕ್ಕ ಇಟ್ಟರು. ನನ್ನ ಹತ್ತಿರ ಬಂದಾಗ ಭುಜ ತಟ್ಟಿ, "ಒಳ್ಳೆ ಕೆಲಸ ಮಾಡಿದೀಯ, ಮೋಹನ್" ಎಂದರು. ಅವರು ವ್ಯಂಗ್ಯ ಗೊತ್ತಿಲ್ಲದ ಮನುಷ್ಯ. ನಿಜಕ್ಕೂ ಹಾಗೆಂದೇ ಹೇಳಿದ್ದರು.

ಹೊಸ ಯಂತ್ರ ಫೆಬ್ರವರಿಯಲ್ಲಿ ಬಂತು. ಹೊರಗಿನ ಚಳಿ ತಿಳಿಯಲು ಅದಕ್ಕೂ ಒಂದು ಸಂವೇದಕ ಬೇಕು. ಅದನ್ನು ಎಲ್ಲಿ ಕೂರಿಸಲಿ ಎಂದು ತಂತ್ರಜ್ಞ ಕೇಳಿದಾಗ ನಾನೇ ಕರೆದುಕೊಂಡು ಹೋಗಿ ನನ್ನ ಡಬ್ಬಿಯ ಪಕ್ಕದ ಜಾಗ ತೋರಿಸಿದೆ. ಅವನು ಅವಸರದಲ್ಲಿದ್ದ. ಕೂರಿಸಿ ಹೋದ. ಅದಾದ ಎರಡನೆಯ ಭಾನುವಾರ ಊರೆಲ್ಲ ಮರಗಟ್ಟಿ ಹೋಗುವಂಥ ಚಳಿ ಬಿತ್ತು. ನಮ್ಮ ಕಟ್ಟಡದ ರೇಡಿಯೇಟರುಗಳೆಲ್ಲ ಉಗುರುಬೆಚ್ಚಗಿದ್ದವು. ಹಿಂದಿನ ದಿನಗಳಲ್ಲೂ ಹಗಲು ಹೊತ್ತು ಸ್ವಲ್ಪ ತಣ್ಣಗಿರುತ್ತಿತ್ತು, ಹೊಸ ಯಂತ್ರ ಹೊಂದಿಕೊಳ್ಳುತ್ತಿದೆ ಎಂದು ನಾನೇ ಎಲ್ಲರಿಗೂ ಸಮಾಧಾನ ಹೇಳಿದ್ದೆ. ಅವತ್ತು ಶಾಷ್ಟಿನ್ ಕೋಟು ಹಾಕಿಕೊಂಡೇ ನಮ್ಮ ಬಾಗಿಲು ತಟ್ಟಿದರು. "ಮೋಹನ್, ನನ್ನ ಮನೆಯೊಳಗೆ ಹದಿನೈದು ಡಿಗ್ರಿ. ಅಳೆದು ನೋಡಿದೆ" ಎಂದರು. ಅಳೆಯುವುದನ್ನು ಅವರಿಗೆ ಕಲಿಸಿದವನು ನಾನೇ.

ಸುಧಾ ಆ ಹೊತ್ತಿಗೆ ಬಟ್ಟೆ ಒಗೆಯಲು ನೆಲಮಾಳಿಗೆಗೆ ಹೋಗಿದ್ದಳು. ಹದಿನೆಂಟು ಮನೆಗೂ ಅಲ್ಲಿ ಒಂದೇ ಒಗೆಯುವ ಕೋಣೆ, ಒಂದೇ ಒಣಗಿಸುವ ಕೋಣೆ. ಬೆಳಿಗ್ಗೆ ಏಳರಿಂದ ಸಂಜೆ ಎಂಟರವರೆಗೆ ಸರದಿ. ಒದ್ದೆ ಬಟ್ಟೆ ಹರವಿ, ಬಿಸಿಗಾಳಿಯ ಯಂತ್ರ ಹಾಕಿ, ಹಿಂಬಾಗಿಲಿನಿಂದ ಸೈಕಲ್ ಕಡೆಗೆ ಬಂದವಳು ಅಲ್ಲಿಂದಲೇ ಕೂಗಿದಳು. "ರೀ, ಇಲ್ಲಿ ಸ್ವಲ್ಪ ಬನ್ನಿ. ಈ ಹುಲ್ಲು ಯಾಕೆ ಹಸಿರಾಗಿದೆ?"

ಅಂಗಳದ ತುಂಬ ಮೊಣಕಾಲೆತ್ತರ ಹಿಮ. ನನ್ನ ಥರ್ಮಾಮೀಟರಿನ ಕೆಳಗೆ ಮಾತ್ರ ಒಂದು ಮೊರದಗಲ ಹಸಿರು ಹುಲ್ಲು, ನಡುವೆ ಒಂದು ದಂಡೇಲಿಯನ್ ಗಿಡ. ಅದರ ಹಿಂದೆ ಗೋಡೆಯಲ್ಲಿ ನೆಲಕ್ಕೆ ಹತ್ತಿರವಾಗಿ ಒಂದು ಕಬ್ಬಿಣದ ಜಾಲರಿ. ಹಳೆಯ, ಮುಚ್ಚಿಹೋದ ಕಿಂಡಿಯೆಂದು ನಾನು ತಿಳಿದಿದ್ದ ಜಾಲರಿ. ಅದಕ್ಕೆ ಕೈ ಹಿಡಿದೆ. ಸಾಬೂನಿನ ವಾಸನೆಯ ಬಿಸಿಗಾಳಿ ಭುಸುಭುಸು ಬರುತ್ತಿತ್ತು. ಒಣಗಿಸುವ ಕೋಣೆಯ ಗಾಳಿ ಹೊರಬೀಳುವ ದಾರಿ ಅದು. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ಸಂಜೆ ಏಳು: ನಾನು ಬರೆದುಕೊಂಡ ಮೂರು ಹೊತ್ತೂ ಯಾರದೋ ಬಟ್ಟೆ ಒಣಗುತ್ತಿದ್ದ ಹೊತ್ತು. ನಾಲ್ಕು ತಿಂಗಳು ನಾನು ಅಳೆದದ್ದು ಯೋನ್‌ಶೋಪಿಂಗ್‌ನ ಚಳಿಗಾಲವನ್ನಲ್ಲ, ಹದಿನೆಂಟು ಸಂಸಾರಗಳ ಬೆಡ್‌ಶೀಟುಗಳನ್ನು.

"ಹಾಗಾದ್ರೆ ಅಂಕಲ್ ಹೇಳಿದ್ದೇ ಸರಿ" ಎಂದಳು ಸುಧಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಪಕ್ಕದಲ್ಲೇ ಇದ್ದ ಹೊಸ ಸಂವೇದಕವೂ ಅದೇ ಬಿಸಿಗಾಳಿಗೆ ಮೋಸಹೋಗಿ, ಹೊರಗೆ ಚಳಿಯಿಲ್ಲವೆಂದು ಬಾಯ್ಲರನ್ನು ತಗ್ಗಿಸುತ್ತಿತ್ತು. ಸೋಮವಾರ ಅದನ್ನು ಬೇರೆ ಗೋಡೆಗೆ ಹಾಕಿಸಿದೆ. ಹವಾಮಾನ ಕಚೇರಿಯ ಅಂಕಿ ತರಿಸಿ ಮತ್ತೆ ಲೆಕ್ಕ ಮಾಡಿದೆ. ಆ ಚಳಿಗಾಲ ಹಿಂದಿನದಕ್ಕಿಂತ ಕಟುವಾಗಿತ್ತು. ಬಾಯ್ಲರು ಎಂದಿನಂತೆಯೇ ಉರಿದಿತ್ತು, ಒಂದು ಕೂದಲೆಳೆಯಷ್ಟು ಹೆಚ್ಚು ಚೆನ್ನಾಗಿಯೇ ಎನ್ನಬೇಕು. ಇದನ್ನು ಗುನ್ನಾರರಿಗೆ ಹೇಳಬೇಕಿತ್ತು. ಅವರ ಮನೆ ಎರಡೇ ಮಹಡಿ ಕೆಳಗೆ. ಅಷ್ಟು ಇಳಿಯಲು ನನಗೆ ಮೂರು ವಾರ ಬೇಕಾಯಿತು. ಆಫೀಸಿನಲ್ಲಿ ಕೆಲಸ ಹೆಚ್ಚು ಎಂದುಕೊಂಡೆ, ಸ್ವೀಡಿಷಿನಲ್ಲಿ ಕ್ಷಮೆ ಕೇಳುವ ವಾಕ್ಯ ಸರಿಯಾಗಿ ಕೂಡುತ್ತಿಲ್ಲ ಎಂದುಕೊಂಡೆ. ಕೊನೆಗೆ ಸುಧಾ ಒಂದು ಡಬ್ಬಿ ಕೋಡುಬಳೆ ಕೈಗಿಟ್ಟು, "ನೀವಾಗಿ ಹೋಗ್ತೀರೋ, ನಾನೇ ಹೋಗಿ ಹೇಳ್ಲೋ?" ಎಂದ ಮೇಲೆ ಹೋದೆ.

ಬಾಗಿಲು ತೆಗೆದ ಗುನ್ನಾರ್ ಮನೆಯೊಳಗೂ ಉಣ್ಣೆಯ ಟೋಪಿ ಹಾಕಿಕೊಂಡಿದ್ದರು. ಕಾಫಿ ಮಾಡಿಕೊಟ್ಟರು. ಕೋಡುಬಳೆ ಕಚ್ಚಿ ನೋಡಿ, ಗಟ್ಟಿಯೆಂದು ಕಾಫಿಯಲ್ಲಿ ಅದ್ದಿಕೊಂಡರು. ನಾನು ಜಾಲರಿ, ಹುಲ್ಲು, ಬೆಡ್‌ಶೀಟು ಎಲ್ಲವನ್ನೂ, ಹೇಳಲು ಮೂರು ವಾರ ತಡಮಾಡಿದ್ದನ್ನೂ, ತಡವರಿಸಿಕೊಂಡು ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟರು.

"ಅಂದರೆ ಚಳಿ ಇತ್ತು?" ಎಂದರು.

"ಇತ್ತು. ತುಂಬಾ ಇತ್ತು. ನಿಮ್ಮ ಮಾತೇ ನಿಜ."

"ನಾನು ನನಗೇ ಏನೋ ಆಗಿದೆ ಅಂದುಕೊಂಡೆ" ಎಂದರು. "ನಿನ್ನ ಯಂತ್ರ ಸುಳ್ಳು ಹೇಳುತ್ತೆ ಅಂತ ಅನಿಸಲಿಲ್ಲ. ವಯಸ್ಸಾಯಿತು, ರಕ್ತ ತೆಳುವಾಗಿದೆ, ಅದಕ್ಕೇ ಸುಮ್ಮಸುಮ್ಮನೆ ಚಳಿ ಅನಿಸ್ತಿದೆ ಅಂದುಕೊಂಡೆ. ಆಸ್ಪತ್ರೆಗೂ ಹೋಗಿ ಬಂದೆ. ಅವರು ಏನೂ ಇಲ್ಲ ಅಂದರು. ಇವರಿಗೂ ಗೊತ್ತಾಗುತ್ತಿಲ್ಲ ಅಂದುಕೊಂಡೆ."

ಹೇಳುತ್ತ ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಕಾಯಿಲೆ ಇಲ್ಲವೆಂದು ತಿಳಿದವರ ನಿರಾಳ ಇತ್ತು. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೀಲಿಯನ್ನು ಮತ್ತೆ ನೀವೇ ಇಟ್ಟುಕೊಳ್ಳಿ, ಸಂಘಕ್ಕೆ ನಾನೇ ಹೇಳುತ್ತೇನೆ ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಲುಂಡ್‌ನ ವಿಶ್ವವಿದ್ಯಾಲಯದಲ್ಲಿದ್ದ ಅವರ ಮಗಳು ವರ್ಷಗಳಿಂದ ಅವರಿಗಾಗಿ ಅಲ್ಲೊಂದು ಹಿರಿಯರ ವಸತಿಯಲ್ಲಿ ಸರದಿಗೆ ಹೆಸರು ಹಚ್ಚಿದ್ದಳಂತೆ. ಪ್ರತಿಸಲವೂ ಬಾಯ್ಲರು ಯಾರು ನೋಡುತ್ತಾರೆ ಎಂದು ಇವರು ತಳ್ಳಿಹಾಕುತ್ತಿದ್ದರು. ಸಭೆಯ ಮರುವಾರ ಅಲ್ಲಿಂದ ಮತ್ತೆ ಕರೆ ಬಂದಾಗ ಒಪ್ಪಿಕೊಂಡುಬಿಟ್ಟಿದ್ದರು. ಈ ಮನೆ ಎರಡು ವಾರದ ಹಿಂದಷ್ಟೇ ಮಾರಾಟವಾಗಿತ್ತು.

"ಮೂರು ವಾರದ ಹಿಂದೆ ಹೇಳಿದ್ದರೆ..." ಎಂದು ಅವರು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಇರಲಿ. ಮಗಳಿಗೆ ಖುಷಿಯಾಗಿದೆ" ಎಂದರು.

ಒಗೆಯುವ ಕೋಣೆಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದೆ. ನನ್ನ ಅಳತೆ ತಪ್ಪು, ಗುನ್ನಾರ್ ಹೇಳಿದ್ದು ಸರಿ, ಸಭೆಯಲ್ಲಿ ನಾನಾಡಿದ ಮಾತಿಗೆ ಕ್ಷಮೆಯಿರಲಿ ಎಂದು ಬರೆದಿದ್ದೆ. ಸಂಜೆಯ ಹೊತ್ತಿಗೆ ಯಾರೋ ಕೆಂಪು ಪೆನ್ನಿನಲ್ಲಿ ಎರಡು ವ್ಯಾಕರಣ ದೋಷ ತಿದ್ದಿದ್ದರು. ವಿಷಯದ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಏಪ್ರಿಲಿನಲ್ಲಿ ಗುನ್ನಾರರ ಸಾಮಾನು ಹೊತ್ತ ವ್ಯಾನು ಹೊರಟಿತು. ನಾನು ಪುಸ್ತಕದ ಪೆಟ್ಟಿಗೆಗಳನ್ನು ಹೊತ್ತೆ, ಅಷ್ಟೇ ನನ್ನಿಂದಾದದ್ದು. ಮೇಘಾ ಅವರ ಕೋಟು ಹಿಡಿದುಕೊಂಡು ಸ್ವೀಡಿಷಿನಲ್ಲಿ ಏನೇನೋ ಕೇಳುತ್ತಿದ್ದಳು. ಅವರು ಬಗ್ಗಿ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ಅವಳು ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದಾಗ ನಾನು ಪೆಟ್ಟಿಗೆ ತರುವ ನೆಪದಲ್ಲಿ ಒಳಗೆ ಹೋದೆ. ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ.

ಅಕ್ಟೋಬರಿನಲ್ಲಿ ಅವರ ಫೋನ್ ಬಂತು. "ಮೋಹನ್, ಇಲ್ಲಿ ನಮ್ಮನ್ನು ಬೇಯಿಸುತ್ತಿದ್ದಾರೆ" ಎಂದರು. ಹೊರಗೆ ಬಿಸಿಲಿದ್ದರೂ ಅಷ್ಟೇ, ಚಳಿಗಾಳಿ ಬೀಸಿದರೂ ಅಷ್ಟೇ, ಒಂದೇ ಸಮನೆ ಬಿಸಿ. ಕಿಟಕಿ ತೆಗೆದು ಕೂರಬೇಕು. ಇಂಧನ ದಂಡವಾಗುತ್ತಿದೆ ಎಂದು ನಿರ್ವಾಹಕಿಗೆ ನಾಲ್ಕು ಸಲ ಹೇಳಿದರಂತೆ. ವಯಸ್ಸಾದವರಿಗೆ ಹಾಗೆ ಅನಿಸುವುದುಂಟು ಎಂದು ಆಕೆ ಸಮಾಧಾನ ಮಾಡಿ ಕಳಿಸಿದಳಂತೆ. "ನಿನ್ನ ಥರ್ಮಾಮೀಟರು ತಗೊಂಡು ಬಾ. ನೀನು ಹೇಳಿದರೆ ಕೇಳುತ್ತಾರೆ."

ಆ ಶನಿವಾರವೇ ರೈಲು ಹತ್ತಿದೆ. ಆ ವಿದ್ಯಾರ್ಥಿಗಳ ಊರಿನ ಸೈಕಲುಗಳ ನಡುವೆ ದಾರಿ ಮಾಡಿಕೊಂಡು ಅವರ ವಸತಿ ಮುಟ್ಟಿದಾಗ ಗುನ್ನಾರ್ ತೋಟದಲ್ಲಿ ಕಾಯುತ್ತಿದ್ದರು. ಗೋಡೆಗಳಿಂದ ದೂರ, ಬೇಲಿಯ ನೆರಳಿನಲ್ಲಿ ಒಂದು ಕಂಬ ನೋಡಿಟ್ಟಿದ್ದರು. ಡಬ್ಬಿಯನ್ನು ಅಲ್ಲಿ ಕಟ್ಟಿದೆವು. ಒಂದು ತಿಂಗಳು ದಿನವೂ ಅವರು ಹೊರಗಿನದು, ಒಳಗಿನದು ಎರಡೂ ಓದಿ ಫೋನಿನಲ್ಲಿ ಹೇಳಿದರು. ನಾನು ಬರೆದುಕೊಂಡು ಗ್ರಾಫು ಮಾಡಿದೆ. ಆಮೇಲೆ ಮತ್ತೆ ಹೋಗಿ ಇಬ್ಬರೂ ನಿರ್ವಾಹಕಿಯ ಮುಂದೆ ಕೂತೆವು. ಕೆಂಪು ಗೆರೆಯನ್ನೂ ನೀಲಿ ಗೆರೆಯನ್ನೂ ನೋಡಿದ ಆಕೆ ಎರಡೇ ನಿಮಿಷದಲ್ಲಿ ಒಪ್ಪಿಕೊಂಡಳು. ಗುನ್ನಾರ್ ಮೊದಲಿನಿಂದ ಹೇಳುತ್ತಿದ್ದುದಕ್ಕಿಂತ ಒಂದಕ್ಷರವೂ ಹೆಚ್ಚಿನದು ಆ ಗ್ರಾಫಿನಲ್ಲಿರಲಿಲ್ಲ.

"ತುಂಬಾ ಸ್ಪಷ್ಟವಾಗಿದೆ" ಎಂದಳು ಆಕೆ ನನ್ನ ಕಡೆ ತಿರುಗಿ. "ನೀವು ಈ ವಿಷಯದ ತಜ್ಞರಾ?"

ನಾನು ಬಾಯಿ ತೆರೆಯುವ ಮೊದಲೇ ಗುನ್ನಾರ್, "ನಮ್ಮ ಕಟ್ಟಡದಲ್ಲಿ ಇವನೇ ಇದನ್ನೆಲ್ಲ ಮಾಡಿದ್ದು" ಎಂದರು. ಆಗಲೇ ಹೇಳಿದೆನಲ್ಲ, ವ್ಯಂಗ್ಯ ಗೊತ್ತಿಲ್ಲದ ಮನುಷ್ಯ.

ಅಲ್ಲ ಎನ್ನಬಹುದಿತ್ತು. ಈ ಅಂಕಿಗಳೆಲ್ಲ ಇವರವು, ಜಾಗ ಆರಿಸಿದವರು ಇವರು, ನಾನು ಬರೀ ಗೆರೆ ಎಳೆದವನು ಎನ್ನಬಹುದಿತ್ತು. ಅಷ್ಟು ಹೇಳುವಷ್ಟು ಸ್ವೀಡಿಷ್ ಆ ಹೊತ್ತಿಗೆ ನನಗೆ ಬರುತ್ತಿತ್ತು. ಆಕೆ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಗ್ರಾಫನ್ನು ಮೆಚ್ಚುಗೆಯಿಂದ ಇನ್ನೊಮ್ಮೆ ನೋಡಿದಳು.

"ಸ್ವಲ್ಪ ಅನುಭವ ಇದೆ" ಎಂದೆ ನಾನು.